ಹನ್ನೊಂದರಲ್ಲಿ ನಿಂತ ನೀರು

ಅರ್ಧ ಗಂಟೆಯಲ್ಲಿ ಹದಿನೆಂಟು ಸೆಂಟಿಮೀಟರ್ ಏರಬೇಕಿದ್ದ ನೀರು ಹನ್ನೊಂದರಲ್ಲೇ ನಿಂತಿತ್ತು. ಮೂರು ಗಾಜಿನ ಕೊಳವೆಗಳಲ್ಲೂ ಅಷ್ಟೇ.

ಸುಳ್ಯದ ಕಾಲೇಜೊಂದರ ಲ್ಯಾಬಿನಲ್ಲಿ ನಾನು ನೆಲ ಗುಡಿಸಿ, ಗಾಜು ತೊಳೆಯುವವಳು. ಎಂಟನೇ ತರಗತಿಗೇ ಶಾಲೆ ಬಿಟ್ಟಿದ್ದೆ. ಆದರೂ ಕೊನೆಯ ವರ್ಷದಲ್ಲಿ ಓದುತ್ತಿದ್ದ ಯಶಸ್ವಿ ಅಕ್ಕನ ಪ್ರಾಜೆಕ್ಟನ್ನು ಎರಡು ತಿಂಗಳಿಂದ ನೋಡುತ್ತಿದ್ದೆ. ಕೊಳವೆಯ ಬುಡಕ್ಕೆ ಬಟ್ಟೆ ಕಟ್ಟಿ, ಒಣ ಮರಳು ತುಂಬಿ, ನೀರಿನ ತಟ್ಟೆಯಲ್ಲಿ ನಿಲ್ಲಿಸುತ್ತಾರೆ. ಮರಳಿನ ಸಂದುಗಳಲ್ಲಿ ನೀರು ತಾನಾಗಿ ಮೇಲೇರುತ್ತದೆ. ಎಷ್ಟು ಏರಿತೆಂದು ನೋಡಿ ದ್ರವದ ಮೇಲ್ಮೈ ಎಳೆತವನ್ನು ಲೆಕ್ಕ ಹಾಕುತ್ತಾರೆ. ಮೊದಲು ನೀರು, ಆಮೇಲೆ ಬೇರೆ ದ್ರವಗಳು. ನೀರೇ ತಪ್ಪಿದರೆ ಉಳಿದದ್ದೆಲ್ಲ ತಪ್ಪು.

ಮಧ್ಯಾಹ್ನ ಹೊರಗಿನ ಪರೀಕ್ಷಕರು ಬರುವವರಿದ್ದರು. ಪ್ರಾಜೆಕ್ಟ್ ನೋಡಿಕೊಳ್ಳುವ ಉಲ್ಲಾಸ್ ಸರ್ ಯಶಸ್ವಿ ಅಕ್ಕನ ನೋಟ್‌ಬುಕ್ ತಿರುವಿದರು.

"ಹೋದ ತಿಂಗಳು ಹದಿನೆಂಟು, ಹದಿನೆಂಟೂವರೆ. ಈಗ ಹನ್ನೊಂದು. ಎಂತ ಮಾರಾಯ್ತಿ, ಮನೆಯಲ್ಲಿ ಕೂತು ಬರೆದದ್ದಾ?"

"ಇಲ್ಲ ಸರ್, ಇಲ್ಲೇ ನೋಡಿ ಬರೆದದ್ದು," ಎಂದರು ಯಶಸ್ವಿ ಅಕ್ಕ.

"ಹಾಗಾದ್ರೆ ನೀರಿಗೆ ಏರ್ಲಿಕ್ಕೆ ಉದಾಸೀನ ಬಂತಾ? ಹೀಗೇ ಆದ್ರೆ ನಾನು ಸಹಿ ಹಾಕುದಿಲ್ಲ."

ನಾನು ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಿದ್ದೆ. ಆಗ ಕಂಡಿತು. ಕೊಳವೆಗಳ ಬುಡದ ಸುತ್ತ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು, ಒಡೆಯದೆ ನಿಂತಿದ್ದವು. ಬುಡಕ್ಕೆ ಕಟ್ಟಿದ ಬಟ್ಟೆ ನೆನಪಾಯಿತು.

ಮೊನ್ನೆ ಲ್ಯಾಬಿನ ಬಟ್ಟೆ ಮುಗಿದಾಗ ನನ್ನ ಅಪ್ಪ, ನಮ್ಮ ಮಾತಿನಲ್ಲಿ ಉಪ್ಪ, ಉಡುತ್ತಿದ್ದ ಹಳೆಯ ಬಿಳಿ ಮುಂಡು ಪಂಚೆಯ ತುಂಡು ತಂದುಕೊಟ್ಟವಳು ನಾನೇ. ಉಟ್ಟ ಬಟ್ಟೆಯನ್ನು ಹಾಗೇ ಕೊಡುವುದು ಹೇಗೆ? ನಮ್ಮ ಮನೆಯಲ್ಲಿ ಬಿಳಿ ಬಟ್ಟೆಗೆ ಸಾಬೂನಲ್ಲ, ಅಂಟುವಾಳದ ಕಾಯಿ. ಅದರ ನೊರೆನೀರಿನಲ್ಲಿ ನೆನೆಹಾಕಿ, ಹಿಂಡಿ ಒಣಗಿಸಿದ್ದೆ. ಪೂರ್ತಿ ಜಾಲಾಡಿಸಬಾರದು, ಸ್ವಲ್ಪ ಉಳಿದರೆ ಬಟ್ಟೆ ಮೆತ್ತಗಿರುತ್ತದೆ ಎನ್ನುತ್ತಾರೆ ಉಮ್ಮ.

ಹೇಳಿದರೆ, ರವೂಫ್ ಮಾಮ ಹತ್ತು ಸಲ ಬಂದು ಕೇಳಿ ಕೊಡಿಸಿದ ಈ ಕೆಲಸ ಹೋಗಬಹುದು. ಹೇಳದಿದ್ದರೆ ಯಶಸ್ವಿ ಅಕ್ಕ ಸುಳ್ಳು ಬರೆದವರಾಗುತ್ತಾರೆ. ಸರ್ ಎದುರು ನಾನು ಹೂಂ ಬಿಟ್ಟು ಬೇರೇನೂ ಮಾತಾಡಿದವಳಲ್ಲ. ಉಳಿದಿದ್ದ ಮುಂಡಿನ ಚೂರನ್ನು ಬಾಟಲಿಯ ನೀರಿಗೆ ಹಾಕಿ ಕುಲುಕಿದೆ. ಮೇಲೆಲ್ಲ ನೊರೆ ನಿಂತಿತು. ಅದನ್ನು ಅವರ ಮುಂದಿಟ್ಟೆ.

"ಎಂತ ಇದು?"

"ಅಂಟುವಾಳ ಸರ್. ಕೊಳವೆಗೆ ಕಟ್ಟಿದ ಬಟ್ಟೆ ನಾನು ತೊಳೆದದ್ದು."

ಸರ್ ಬಾಟಲಿಯನ್ನೇ ನೋಡಿದರು. "ನೊರೆ ಸೇರಿದ್ರೆ ನೀರಿನ ಎಳೆತ ಕಡಿಮೆ ಆಗ್ತದೆ. ಮತ್ತೆ ಹೇಗೆ ಏರುದು? ತೊಳೀಲಿಕ್ಕೆ ಯಾರು ಹೇಳಿದ್ದು ನಿಂಗೆ?"

"ಯಾರೂ ಇಲ್ಲ."

"ನಿನ್ನ ವಿಷಯ ಆಮೇಲೆ ಮಾತಾಡುವ. ಮೊದ್ಲು ಬೇರೆ ಕೊಳವೆ ತುಂಬಿಸಿ."

ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿಂದ ಗಾಯಕ್ಕೆ ಕಟ್ಟುವ ಹೊಸ ಬಟ್ಟೆ ತೆಗೆದು ಎರಡು ಮಡಿಕೆ ಮಾಡಿ ಕಟ್ಟಿದೆವು. ಹೊಸ ಮರಳು, ಬೇರೆ ತಟ್ಟೆ. ಪರೀಕ್ಷಕರು ಒಳಗೆ ಬರುವಾಗ ನೀರು ಒಂಬತ್ತರಲ್ಲಿತ್ತು. ಹನ್ನೊಂದರ ಹತ್ತಿರ ಬಂದಾಗ ಯಶಸ್ವಿ ಅಕ್ಕ ಮುಖ ತಿರುಗಿಸಿದರು.

"ನಂಗೆ ನೋಡ್ಲಿಕ್ಕೆ ಆಗುದಿಲ್ಲ ಆಫ್ರಾ. ನೀನೇ ಹೇಳು."

ನಾನು ಮಂಡಿಯೂರಿ ಕಣ್ಣನ್ನು ಒದ್ದೆ ಗೆರೆಯ ಮಟ್ಟಕ್ಕೆ ತಂದೆ. ಗೆರೆ ಅಲ್ಲೇ ನಿಂತಂತಿತ್ತು. ನಿಂತಿರಲಿಲ್ಲ.

"ಹನ್ನೆರಡು," ಎಂದೆ.

"ಜೋರಾಗಿ ಹೇಳು," ಎಂದರು ಸರ್.

"ಹನ್ನೆರಡು ದಾಟಿತು ಸರ್. ಇನ್ನೂ ಏರ್ತಾ ಉಂಟು."

ಅರ್ಧ ಗಂಟೆಗೆ ಅದು ಹದಿನೆಂಟಕ್ಕೆ ಎರಡೇ ಮಿಲಿಮೀಟರ್ ಕಡಿಮೆ ಇತ್ತು. ಸರ್ ಸಹಿ ಹಾಕಿದರು. ನನ್ನ ವಿಷಯ ಮಾತಾಡಲು ಇನ್ನೂ ಕರೆದಿಲ್ಲ.