ಉಗುರುಬಣ್ಣದ ಮೊಹರು

ಉಮಾನಾಥರ ಕಿವಿ ಚುರುಕು, ಆದರೆ ಅರ್ಧ ಮಾತಿನ ತನಕ ಮಾತ್ರ. ಉಳಿದರ್ಧವನ್ನು ಅವರೇ ಊಹಿಸಿಕೊಳ್ಳುತ್ತಿದ್ದರು, ಊಹೆಗೆ ತಕ್ಕಷ್ಟು ಸಿಟ್ಟನ್ನೂ ಅಲ್ಲೇ ಮಾಡಿಕೊಳ್ಳುತ್ತಿದ್ದರು. ನಾಸಿಕದಲ್ಲಿ ಮೂವತ್ತೆಂಟು ವರ್ಷದಿಂದ ಇಡ್ಲಿ-ವಡೆಯ ಹೋಟೆಲು ನಡೆಸಿಕೊಂಡು ಬಂದವರಿಗೆ ಇದರಿಂದ ನಷ್ಟವೇನೂ ಆಗಿರಲಿಲ್ಲ. ಗಿರಾಕಿ "ಒಂದು ಮಸಾ..." ಎನ್ನುವಷ್ಟರಲ್ಲಿ ಇವರು ಒಳಗೆ ಕೂಗಿ ಆಗಿರುತ್ತಿತ್ತು.

ನಂಬಿಕೆಯ ವಿಷಯದಲ್ಲೂ ಅವರದು ಹೋಟೆಲಿನದೇ ಪದ್ಧತಿ. ಅಡುಗೆಮನೆ ಮುಚ್ಚುವಾಗ ತುಪ್ಪದ ಗಾಜಿನ ಭರಣಿಯ ಮೇಲೆ, ತುಪ್ಪ ಎಲ್ಲಿಯವರೆಗಿದೆಯೋ ಅಲ್ಲಿಗೆ ಸರಿಯಾಗಿ ಸೀಮೆಸುಣ್ಣದ ಗೆರೆ ಎಳೆದು ಹೋಗುವುದು. ಬೆಳಿಗ್ಗೆ ಬಂದವರು ದೇವರ ಪಟಕ್ಕೆ ಕೈ ಮುಗಿಯುವ ಮೊದಲು ಆ ಗೆರೆ ನೋಡುವುದು. ಅಡುಗೆ ಭಟ್ಟರು ಇದಕ್ಕೆ ಬೇಸರಪಟ್ಟುಕೊಳ್ಳುವುದನ್ನು ಬಿಟ್ಟು ವರ್ಷಗಳೇ ಆಗಿದ್ದವು.

ಆ ವರ್ಷ ಮಳೆಗಾಲ ಹಿಡಿಯುವ ಹೊತ್ತಿಗೆ ಉಮಾನಾಥರ ಎಡಗೈಯ ಉಂಗುರದ ಬೆರಳು ಮಡಚಲು ತಕರಾರು ತೆಗೆಯಿತು. ಡಾಕ್ಟರು ಬೆರಳನ್ನು ಹಿಂದೆ ಮುಂದೆ ಬಾಗಿಸಿ ನೋಡಿ, ದೀಪಾವಳಿಯ ತನಕ ಹೀಗೇ ನಡೆದೀತು, ಆಮೇಲಿನದ್ದು ಹೇಳಲಾರೆ ಎಂದರು. ಉಮಾನಾಥರು ಆ ಒಂದು ಮಾತನ್ನು ಪೂರ್ತಿ ಕೇಳಿಸಿಕೊಂಡರು. ಮನೆಗೆ ಬಂದವರೇ ಅಟ್ಟದಿಂದ ಗಿಟಾರನ್ನೂ ಅದರ ಆಂಪ್ಲಿಫೈಯರನ್ನೂ ಇಳಿಸಿದರು.

ಒಂದು ಕಾಲದಲ್ಲಿ ಅವರು ಆರ್ಕೆಸ್ಟ್ರಾದ ಗಿಟಾರ್ ವಾದಕ. ಮಾಲೇಗಾಂವ್‌ನಿಂದ ಸಿಲ್ಲೋಡ್‌ವರೆಗೆ ಅವರು ನುಡಿಸದ ಗಣಪತಿ ಮಂಡಳವಿರಲಿಲ್ಲ. ಆಂಪ್ಲಿಫೈಯರು ಅರವತ್ತರ ದಶಕದ ಇಂಗ್ಲಿಷ್ ಮಾಲು, ದೇವಳಾಲಿಯ ಕ್ಲಬ್ಬೊಂದು ಮುಚ್ಚುವಾಗ ಕೊಂಡದ್ದು. ಗಾಜಿನ ವಾಲ್ವುಗಳು ಕಾದು ಕೆಂಪಾಗುವ ತನಕ ಬಾಯಿ ಬಿಡದ ಜಾತಿ. ಬಿಟ್ಟರೆ ಮಾತ್ರ ಬೆಚ್ಚಗಿನ, ಸ್ವಲ್ಪ ಒರಟಾದ ದನಿ. ಬೆರಳು ಸೆಟೆಯುವ ಮೊದಲು ಆ ದನಿಯನ್ನು ತನ್ನ ಕೈಯಿಂದಲೇ ಒಮ್ಮೆ ಹೊರಡಿಸಬೇಕು. ಉಮಾನಾಥರಿಗೆ ಬೇಕಾಗಿದ್ದದ್ದು ಅಷ್ಟೇ. ಸ್ವಿಚ್ ಹಾಕಿದರೆ ಪೆಟ್ಟಿಗೆ ಗುಂಯ್ ಎಂದು ಗೊಣಗಿ, ಹತ್ತು ನಿಮಿಷಕ್ಕೆ ತೆಪ್ಪಗಾಯಿತು.

ರಿಪೇರಿಯವರ ಬೇಟೆ ಶುರುವಾಯಿತು. ಒಬ್ಬ, ಒಳಗಿನದ್ದೆಲ್ಲ ಕಿತ್ತು ಹೊಸ ಬೋರ್ಡು ಹಾಕಿಕೊಡುತ್ತೇನೆ, ಹೊರಗಿನಿಂದ ಯಾರಿಗೂ ಗೊತ್ತಾಗದು ಎಂದ. ಇನ್ನೊಬ್ಬ ಪೆಟ್ಟಿಗೆಯನ್ನು ಮುಟ್ಟದೆಯೇ, ಮಾರುತ್ತೀರಾ ಎಂದು ಕೇಳಿದ. ಮೂರನೆಯವನು ಒಳ್ಳೆಯವನಂತೆಯೇ ಕಂಡ, ಆದರೆ ಎರಡು ದಿನ ಇಲ್ಲೇ ಬಿಟ್ಟು ಹೋಗಿ ಎಂದದ್ದೇ ತಪ್ಪಾಯಿತು. ಉಮಾನಾಥರು ಪೆಟ್ಟಿಗೆಯನ್ನು ಅವುಚಿಕೊಂಡು ರಿಕ್ಷಾ ಹತ್ತಿಬಿಟ್ಟರು. ರಾತ್ರಿ ನಿದ್ದೆಯಿಲ್ಲ, ಹಗಲು ಗಲ್ಲಾದ ಮೇಲೆ ಕೂತಲ್ಲಿ ಕೂರಲಾಗದು. ಬೆರಳನ್ನು ಗಳಿಗೆಗೊಮ್ಮೆ ಮಡಚಿ ನೋಡುವುದೊಂದೇ ಕೆಲಸ.

"ಡಾಕ್ಟರಿಗಿಂತ ಜಾಸ್ತಿ ಆ ಪೆಟ್ಟಿಗೆಯ ಡಾಕ್ಟರನ್ನು ಹುಡುಕಿದ್ರಿ ನೀವು," ಎಂದರು ಹೆಂಡತಿ ಕುಸುಮಾವತಿ. "ಅರವಿಂದನಿಗೆ ಒಂದು ಫೋನ್ ಮಾಡ್ಬಹುದಲ್ಲ?"

"ಕಳ್ಳನ ಕೈಗೆ ಬೀಗದ ಕೈ ಕೊಡುದಾ? ಎಂತ ಮಾತಾಡ್ತಿ ನೀನು!"

ಅರವಿಂದ ಅದೇ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದವನು, ಕುಂದಾಪುರದ ಕಡೆಯವನು, ಹೊಟ್ಟೆಪಾಡಿಗೆ ರೇಡಿಯೊ ಟಿ.ವಿ. ರಿಪೇರಿ. ಇಪ್ಪತ್ತೆರಡು ವರ್ಷದ ಹಿಂದೆ ಇದೇ ಆಂಪ್ಲಿಫೈಯರನ್ನು ರಿಪೇರಿ ಮಾಡಿ ತಂದು ಹೋಟೆಲಿನಲ್ಲಿಟ್ಟಿದ್ದ. ಉಮಾನಾಥರು ದಪ್ಪ ತಂತಿ ಮೀಟಿದಾಗ ದನಿಯ ಬೆನ್ನಿಗೆ ಕಿರ್ರ್ ಎಂಬ ಸದ್ದೊಂದು ಬಂತು. ಇವರಿಗೆ ಅಷ್ಟು ಸಾಕಾಯಿತು. ಅಸಲಿ ಸ್ಪೀಕರು ಮಾರಿ ಡುಪ್ಲಿಕೇಟು ಕೂರಿಸಿದ್ದೀಯ ಎಂದರು. ಅರವಿಂದ, "ಉಮಣ್ಣ, ಹಿಂದಿನ ಹಲಗೆ ಒಂದು ಸಲ..." ಎಂದು ಬಾಯಿ ತೆರೆದಾಗ, ಗಿರಾಕಿಗಳ ಎದುರಿಗೇ ಅವನನ್ನು ಕಳ್ಳ ಎಂದು ಕರೆದರು. ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟು ಹೊರಟುಹೋದ. ಆಮೇಲೆ ಮಾಲೇಗಾಂವ್‌ಗೆ ಹೋಗಿ ಮಗ್ಗದ ಮೋಟಾರು ರಿಪೇರಿ ಹಿಡಿದ ಎಂದು ಸುದ್ದಿ ಬಂದಿತ್ತು.

ಅವತ್ತು ಉಮಾನಾಥರು ಹಲಗೆ ಬಿಚ್ಚಿ ನೋಡಲಿಲ್ಲ. ಕಿವಿಯಲ್ಲಿ ಕೇಳಿದ್ದನ್ನು ಕಣ್ಣಲ್ಲಿ ಏನು ನೋಡುವುದು! ಉಳಿದ ಸಾಮಾನನ್ನಾದರೂ ಇನ್ನು ಯಾರೂ ಮುಟ್ಟಬಾರದೆಂದು, ಮಗಳು ಶಾಲೆಯ ಡಾನ್ಸಿಗೆ ತಂದಿದ್ದ ಕೆಂಪು ಉಗುರುಬಣ್ಣವನ್ನು ಹಿಂದಿನ ಹಲಗೆಯ ಎಂಟು ಸ್ಕ್ರೂಗಳ ತಲೆಗೂ ಹಚ್ಚಿ ಅಟ್ಟಕ್ಕೇರಿಸಿದ್ದರು. ತುಪ್ಪದ ಭರಣಿಗೆ ಸೀಮೆಸುಣ್ಣ, ಇದಕ್ಕೆ ಉಗುರುಬಣ್ಣ.

ಲಿಂಗರಾಜು ಅವರ ಹೆಸರು ಹೇಳಿದವರು ಓಝರ್‌ನ ವಿಮಾನ ಕಾರ್ಖಾನೆಯಿಂದ ಊಟಕ್ಕೆ ಬರುವ ಗಿರಾಕಿಯೊಬ್ಬರು. ಲಿಂಗರಾಜು ಧಾರವಾಡದ ಕಡೆಯವರು, ಅದೇ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತರಾಗಿ ಈಗ ಸಂಭಾಜಿನಗರದಲ್ಲಿದ್ದಾರೆ, ಹಳೆ ವಾಲ್ವಿನ ರೇಡಿಯೊಗಳೆಂದರೆ ಜೀವ. ಉಮಾನಾಥರು ಹೋಟೆಲಿನ ಟೆಂಪೊದಲ್ಲಿ ಪೆಟ್ಟಿಗೆ ಒಯ್ದು ಅವರ ಮನೆಯಲ್ಲಿಳಿಸಿದರು. ಉಗುರುಬಣ್ಣದ ವಿಷಯ ಬೇಕೆಂತಲೇ ಎತ್ತಲಿಲ್ಲ. ಕೇಳದೆ ಕಿತ್ತರೆ ಆಸಾಮಿ ಎಂಥವನೆಂದು ಗೊತ್ತಾಗುತ್ತದೆ ಎಂಬುದು ಅವರ ಲೆಕ್ಕಾಚಾರ.

ನಾಲ್ಕು ದಿನಕ್ಕೆ ಫೋನು ಬಂತು. "ನಮಸ್ಕಾರ್ರಿ. ನಿಮ್ಮ ಪೆಟ್ಟಿಗಿ ಬೆಂಚಿನ ಮ್ಯಾಲ ಇಟ್ಟೀನ್ರಿ. ಒಮ್ಮಿ ನೀವ ಬಂದು ಹೋಗಬೇಕು, ಯಾಕಂದ್ರ..."

"ಖರ್ಚು ಎಷ್ಟಾದ್ರೂ ಅಡ್ಡಿಲ್ಲ, ನೀವು ಮಾಡಿ," ಎಂದು ಉಮಾನಾಥರು ಇಟ್ಟುಬಿಟ್ಟರು. ಕರೆಸಿಕೊಂಡು ಇಲ್ಲದ ರೋಗ ತೋರಿಸಿ ರೇಟು ಏರಿಸುವ ಉಪಾಯ ಅವರಿಗೆ ತಿಳಿಯದ್ದೇ!

ವಾರ ಬಿಟ್ಟು ಮತ್ತೆ ಫೋನು. "ಖರ್ಚಿನ ಮಾತಲ್ರಿ ಇದು, ನಿಮ್ಮ ಕೈಲೆ..."

"ಶ್ರಾವಣ ಮಾರಾಯ್ರೆ! ಉಪವಾಸದವರಿಗೆ ಸಾಬುದಾಣಾ ಖಿಚಡಿ ಕೊಟ್ಟು ಪೂರೈಸುದಿಲ್ಲ ಇಲ್ಲಿ," ಎಂದು ಅದನ್ನೂ ಇಟ್ಟರು.

ಆಮೇಲೆ ಫೋನು ಬರಲಿಲ್ಲ. ಬಂದಾಗ ಸಿಡುಕಿದವರಿಗೆ ಬಾರದಿದ್ದಾಗ ಪ್ರಾಣವೇ ಹೋದಂತಾಯಿತು. ಮೊದಲ ವಾರ, ಕೆಲಸ ನಡೆದಿರಬೇಕು ಎಂದುಕೊಂಡರು. ಎರಡನೆಯ ವಾರ, ವಾಲ್ವುಗಳು ಒಂದೊಂದಾಗಿ ಪೇಪರಿನಲ್ಲಿ ಸುತ್ತಿಕೊಂಡು ಮುಂಬೈ ರೈಲು ಹತ್ತುವುದು ಕಣ್ಣಿಗೆ ಕಟ್ಟತೊಡಗಿತು. ಸಾಂಬಾರಿಗೆ ಉಪ್ಪು ಜಾಸ್ತಿಯಾಯಿತೆಂದು ಭಟ್ಟರ ಮೇಲೆ ಹಾರಿದರು, ಕಡಿಮೆಯಾಯಿತೆಂದು ಮರುದಿನ ಹಾರಿದರು. ಸ್ನಾನಕ್ಕೆ ಹೋದವರು ನೀರು ಹೊಯ್ದುಕೊಳ್ಳದೆ ನಿಂತೇ ಇದ್ದರು. ಬೆರಳು ಬೇರೆ, ಬೆಳಗಿನ ಹೊತ್ತು ಅರ್ಧಕ್ಕಿಂತ ಹೆಚ್ಚು ಬಾಗುತ್ತಿರಲಿಲ್ಲ.

"ಹೋಗಿ ಬನ್ನಿ ಒಮ್ಮೆ," ಎಂದರು ಕುಸುಮಾವತಿ, "ಇಲ್ಲದಿದ್ರೆ ಭಟ್ಟರು ಕೆಲಸ ಬಿಟ್ಟು ಹೋಗ್ತಾರೆ."

ಮುಂಜಾನೆಯ ಬಸ್ಸು ಹತ್ತಿದರು. ಯೇವಲಾದಲ್ಲಿ ಬಸ್ಸು ಹತ್ತು ನಿಮಿಷ ನಿಂತರೆ ಇವರು ಹನ್ನೊಂದು ಸಲ ಗಡಿಯಾರ ನೋಡಿದರು. ವೈಜಾಪುರ ದಾಟಿದ ಮೇಲೆ ಲಿಂಗರಾಜುವಿಗೆ ಹೇಳಬೇಕಾದ ಮಾತುಗಳನ್ನು ಸಾಲಾಗಿ ಜೋಡಿಸಿಕೊಂಡರು. ಪೊಲೀಸ್ ಕಂಪ್ಲೇಂಟಿನ ತನಕ ಸಾಲು ಬೆಳೆಯಿತು.

ಬಾಗಿಲು ತೆರೆದವರು ಲಿಂಗರಾಜು ಅವರ ಹೆಂಡತಿ ಪ್ರೇಮಾ. "ಬರ್ರಿ ಬರ್ರಿ, ನಿಮ್ಮ ಹಾದೀನ ನೋಡಾಕತ್ತಾರ ಅವರು," ಎಂದರು. ಉಮಾನಾಥರು ಚಪ್ಪಲಿ ಒದರಿ ನೇರ ಒಳಕೋಣೆಗೆ ನುಗ್ಗಿದರು. ಬೆಂಚಿನ ಮೇಲೆ ಮಡಿ ಪಂಚೆಯೊಂದನ್ನು ಹೊದಿಸಿಟ್ಟಿದ್ದ ಪೆಟ್ಟಿಗೆ. ಪಂಚೆ ಎತ್ತಿ, ಬಗ್ಗಿ, ಬೆರಳಿಟ್ಟು ಎಣಿಸಿದರು. ಎಂಟಕ್ಕೆ ಎಂಟೂ ಕೆಂಪು ಬೊಟ್ಟು ಹಾಗೆಯೇ ಇದ್ದವು.

ಸಮಾಧಾನ ಆಗಬೇಕಿತ್ತು. ಸಿಟ್ಟು ನೆತ್ತಿಗೇರಿತು. "ಒಂದು ತಿಂಗಳಾಯ್ತು, ಮುಟ್ಟಲೇ ಇಲ್ಲ ನೀವು!" ಎಂದು ಕೂಗಿದರು. ಬಿಚ್ಚಿದ್ದರೆ ಕಳ್ಳ, ಬಿಚ್ಚದಿದ್ದರೆ ಸೋಮಾರಿ. ಇಂಥವರ ಹತ್ತಿರ ಬದುಕುವುದು ಹೇಗೆ?

ಲಿಂಗರಾಜು ಕನ್ನಡಕ ತೆಗೆದು ಒರೆಸಿಕೊಂಡರು. "ಕುಂದರ್ರಿ ಮೊದಲ. ನಮ್ಮ ಕಾರ್ಖಾನ್ಯಾಗ ನಟ್ಟು ಬಿಗಿ ಮಾಡಿದವ ಅದರ ಮ್ಯಾಲ ಒಂದು ಕೆಂಪು ಗೆರಿ ಎಳಿತಾನ್ರಿ. ಗೆರಿ ಒಡದಿತ್ತಂದ್ರ ಯಾರೋ ಕೈ ಹಾಕ್ಯಾರ ಅಂತ. ಒಬ್ಬ ಹಾಕಿದ ಗುರುತು ಇನ್ನೊಬ್ಬ ಕೇಳದ ಒಡಿಯಂಗಿಲ್ಲ. ಮ್ಯಾಲ ಹಾರಾವನ ಜೀವ ಇರ್ತದ ಅದರಾಗ. ನಿಮ್ಮ ಪೆಟ್ಟಿಗಿ ಮ್ಯಾಲ ಎಂಟು ಗುರುತು ಅದಾವ. ಅದಕ್ಕ ನೀವ ಬರ್ರಿ ಅಂದೆ."

"ಅದನ್ನು ಫೋನಿನಲ್ಲಿ ಹೇಳ್ಲಿಕ್ಕೆ ಆಗ್ತಿರ್ಲಿಲ್ವಾ?"

"ಎಲ್ಲಿ ಹೇಳಾಕ ಬಿಟ್ರಿ?" ಎಂದರು ಲಿಂಗರಾಜು. "ಎರಡೂ ಸಲ ಅರ್ಧಕ್ಕ ಇಟ್ರಿ. ಮೂರನೇ ಸಲ ಮಾಡಾಕ ನನಗೂ ಮನಸಾಗ್ಲಿಲ್ಲ."

ಉಮಾನಾಥರು ಕೈಯಲ್ಲಿದ್ದ ಪಂಚೆಯನ್ನು ಮಡಚಿ ಬೆಂಚಿನ ಮೇಲಿಟ್ಟರು.

ಲಿಂಗರಾಜು ಸ್ಕ್ರೂಡ್ರೈವರನ್ನು ಅವರ ಕೈಗೆ ಕೊಟ್ಟರು. "ಹಾಕಿದವರ ಒಡೀರಿ."

ಮೊದಲ ಸ್ಕ್ರೂ ತಿರುಗಿದಾಗ ಉಗುರುಬಣ್ಣ ಚಕ್ಕೆಯಾಗಿ ಉದುರಿತು. ಐದನೆಯದಕ್ಕೆ, ಪೆಟ್ಟಿಗೆ ಹಿಡಿದಿದ್ದ ಎಡಗೈಯ ಬೆರಳು ಚುಳ್ಳೆಂದು ನೊಂದಿತು. ಲಿಂಗರಾಜು ನೋಡಿದರು, ಆದರೆ ಕೈ ಹಾಕಲಿಲ್ಲ. ಎಂಟನೆಯದು ಬಿಚ್ಚಿದ ಮೇಲೆ ಹಲಗೆ ಕೈಗೆ ಬಂತು. ಒಳಗೆ ಹಳೆ ಮರದ ಮತ್ತು ಧೂಳಿನ ವಾಸನೆ. ಪೆಟ್ಟಿಗೆಯ ತಳದಲ್ಲಿ, ಸ್ಪೀಕರಿನ ಲೋಹದ ಅಂಚಿಗೆ ಒರಗಿಕೊಂಡು, ತಂಬಾಕಿನವರ ಸುಣ್ಣದ ಡಬ್ಬಿಯೊಂದು ಬಿದ್ದಿತ್ತು. ಅದನ್ನು ಮೇಲಿನ ಮೊಳೆಗೆ ಕಟ್ಟಿದ್ದ ದಾರ ಹರಿದಿತ್ತು.

ಡಬ್ಬಿಯಲ್ಲಿ ಬಿಚ್ಚಿ ತೆಗೆದ ನಾಲ್ಕು ಹಳೆ ಬಿಡಿಭಾಗಗಳು, ಮಡಚಿದ ಚೀಟಿ. ಉಮಾನಾಥರು ಆ ಕನ್ನಡ ಅಕ್ಷರಗಳನ್ನು ಓದದೆಯೇ ಗುರುತಿಸಿದರು, ಆರ್ಕೆಸ್ಟ್ರಾದ ಹಾಡಿನ ಪಟ್ಟಿ ಬರೆಯುತ್ತಿದ್ದದ್ದು ಆ ಕೈಯೇ. *ಉಮಣ್ಣ, ಹಳತು ತೆಗೆದದ್ದು ಈ ನಾಲ್ಕು. ಸ್ಪೀಕರ್ ಮುಟ್ಟಲಿಲ್ಲ. ನೋಡಿಕೊಳ್ಳಿ. ಅರವಿಂದ.*

"ಪ್ರಾಮಾಣಿಕ ಮನಿಷಾ," ಎಂದರು ಲಿಂಗರಾಜು. "ತಗದ ಸಾಮಾನು ಮಾಲಕರಿಗೆ ಹಿಂದ ಕೊಡೋದು ಖರೇ ಕಸಬುದಾರರ ಪದ್ಧತಿ." ಟಾರ್ಚು ಹಿಡಿದು ಸ್ಪೀಕರಿನ ಬೆನ್ನಿನ ಮುದ್ರೆ ಓದಿದರು. "ಪೆಟ್ಟಿಗಿದೂ ಇದರದೂ ಒಂದ ವರ್ಷ. ಅಸಲೀನ ಐತಿ." ಆಮೇಲೆ ಡಬ್ಬಿಯನ್ನು ಬಿದ್ದಿದ್ದ ಜಾಗದಲ್ಲೇ ಮತ್ತೆ ಇಟ್ಟು, ಸ್ಪೀಕರಿನ ಮೇಲೆ ಹಗುರವಾಗಿ ಬೆರಳು ಬಡಿದರು.

ಕಿರ್ರ್ ಎಂದಿತು.

ಅದೇ ಸದ್ದು. ಉಮಾನಾಥರು ಡಬ್ಬಿ ಎತ್ತಿ ತೆಗೆದು ತಾವೇ ಸ್ಪೀಕರಿನ ಮೇಲೆ ಬಡಿದು ನೋಡಿದರು, ಕಿರ್ರ್ ಇಲ್ಲ. ಅರವಿಂದ ತೋರಿಸಲು ಹೊರಟದ್ದು ಈ ಡಬ್ಬಿಯನ್ನು. ತನ್ನ ಪ್ರಾಮಾಣಿಕತೆಗೆ ಅವನು ಇಟ್ಟ ಸಾಕ್ಷಿಯೇ ಕಿರ್ರ್ ಎಂದದ್ದಕ್ಕೆ ಅವನನ್ನು ಕಳ್ಳನೆಂದು ಓಡಿಸಿಯಾಗಿತ್ತು. ಬೆರಳು ಚೆನ್ನಾಗಿದ್ದ ಇಪ್ಪತ್ತೆರಡು ವರ್ಷಗಳು ಒಂದು ಸುಣ್ಣದ ಡಬ್ಬಿಯ ಜೊತೆ ಅಟ್ಟದ ಮೇಲೆ ಕೂತು ಕಳೆದುಹೋಗಿದ್ದವು. ಅವರಿಗೆ ನಾಚಿಕೆಯಾಯಿತು, ಇಷ್ಟು ವಯಸ್ಸಿಗೆ ಇಂಥ ನಾಚಿಕೆ ಆಗಬಹುದೆಂದು ಅವರಿಗೆ ಗೊತ್ತಿರಲಿಲ್ಲ.

ಲಿಂಗರಾಜು ಇನ್ನೂ ಒಳಗೆ ಟಾರ್ಚು ಬಿಟ್ಟು ನೋಡುತ್ತಿದ್ದರು. "ಕಂಡೆನ್ಸರ್ ಒಣಗ್ಯಾವ. ಎರಡು ತಾಸಿನ ಕೆಲಸ, ನಾನೂ ಮಾಡಿಕೊಡ್ತೀನಿ. ಆದ್ರ ಈ ಬೆಸುಗಿ ನೋಡ್ರಿ, ಎಷ್ಟು ಸ್ವಚ್ಛ! ನೀವು ಊರೂರು ಹುಡುಕಿದ ಮನಿಷಾ ಇವನ. ಇನ್ನೂ ಅದಾನೇನ್ರಿ?"

"ಇದ್ದಾನೆ," ಎಂದರು ಉಮಾನಾಥರು. "ಮಾಲೇಗಾಂವ್‌ನಲ್ಲಿ."

ಮನೆಗೆ ಫೋನು ಮಾಡಿ ಅರವಿಂದನ ನಂಬರು ಎಲ್ಲಾದರೂ ಸಿಕ್ಕೀತೇ ಎಂದು ಕೇಳಿದರು. ಕುಸುಮಾವತಿ ಹುಡುಕುವ ಸೋಗನ್ನೂ ಹಾಕಲಿಲ್ಲ, ಬಾಯಿಪಾಠ ಒಪ್ಪಿಸಿದರು. "ಅವನ ಮಗಳ ಮದುವೆಗೆ ನಾನು ಹೋಗಿದ್ದೆ," ಎಂದರು. "ನಿಮಗೆ ಸಪ್ತಶೃಂಗಿ ದೇವಿಯ ದರ್ಶನಕ್ಕೆ ಅಂತ ಹೇಳಿದ್ದು."

ಇನ್ನೊಂದು ದಿನವಾದರೆ ಇದಕ್ಕೆ ಮನೆ ಮಾಡು ಹಾರಿಹೋಗುತ್ತಿತ್ತು. ಉಮಾನಾಥರು ಸುಮ್ಮನೆ ಆ ನಂಬರಿಗೆ ಫೋನು ಮಾಡಿದರು. ಆ ಕಡೆಯಿಂದ ಮೊದಲು ಕೇಳಿಸಿದ್ದು ಮಗ್ಗಗಳ ಖಟಖಟ ಸದ್ದು.

"ನಾನು ಉಮಾನಾಥ."

ಕ್ಷಮೆ, ಡಬ್ಬಿ, ಬೆರಳು, ದೀಪಾವಳಿ ಎಲ್ಲ ಒಟ್ಟಿಗೆ ನಾಲಿಗೆಯ ತುದಿಗೆ ಬಂದು ನಿಂತವು. ಉಮಾನಾಥರು ಹಲ್ಲು ಕಚ್ಚಿ ತಡೆದುಕೊಂಡರು. ಕಡೆಗೆ ಅರವಿಂದ ಕೇಳಿದ:

"ಹಿಂದಿನ ಹಲಗೆ ತೆಗೆದ್ರಾ ಉಮಣ್ಣ?"

"ತೆಗೆದೆ."

"ಹಾಗಾದ್ರೆ ಈಗ ನಾನು ಹೇಳ್ತೇನೆ. ಮುಗಿಯುವ ತನಕ ನೀವು ನಡುವೆ ಬಾಯಿ ಹಾಕ್ಬೇಡಿ."

ಪ್ರೇಮಾ ತಂದಿಟ್ಟ ಚಹಾ ಕೆನೆ ಕಟ್ಟಿ ಆರಿಹೋಯಿತು. ಉಮಾನಾಥರು ಬಾಯಿ ಹಾಕಲಿಲ್ಲ.