ಹೊತ್ತಿನ ಬಾಡಿಗೆ

"ಸ್ವಲ್ಪ ಸರೀರಪ್ಪ, ಅಮ್ಮ ಹತ್ತಲಿ!" ಎಂದು ಡ್ರೈವರ್ ಕೂಗುವಷ್ಟರಲ್ಲಿ ಬಸ್ಸು ಕಿಕ್ಕಿರಿದಿತ್ತು. ಹೆಣದ ಗಾಡಿ ಸ್ಮಶಾನದ ಕಡೆ ಮುಂದೆ ಹೊರಟಿತ್ತು. ಸತ್ತವನ ಹೆಂಡತಿ ಕಂಬಿ ಹಿಡಿದು ಹತ್ತಿದಳು. ಒಳಗಿದ್ದವರು ನೆಂಟರಲ್ಲ, ಗಂಡನ ಜೊತೆ ದಿನಾ ಇದೇ ಬಸ್ಸಿನಲ್ಲಿ ನಗರಕ್ಕೆ ಹೋಗಿಬರುತ್ತಿದ್ದವರು. ಅಭ್ಯಾಸಬಲದಿಂದ ಎಲ್ಲರೂ ತಂತಮ್ಮ ಸೀಟಿನಲ್ಲೇ ಕೂತಿದ್ದರು. ಅಷ್ಟು ಜನ ನಿಂತಿದ್ದರೂ ಕಿಟಕಿ ಪಕ್ಕದ ಒಂದು ಸೀಟು ಮಾತ್ರ ಖಾಲಿ.

"ಅದು ನಿಮ್ಮೋರ ಸೀಟು, ಸರ್ವೆ ಸಾರ್‌ದು," ಎಂದ ಪಕ್ಕದ ಸೀಟಿನ ಮುದಿ ದರ್ಜಿ, ಎದ್ದು ದಾರಿಬಿಡುತ್ತ. "ನೀವೇ ಕೂತ್ಕೊಳ್ಳಿ ತಾಯಿ."

"ಏನು ನಗಿಸೋರಮ್ಮ!" ಎಂದಳು ಹಿಂದಿನ ಸೀಟಿನ ನರ್ಸ್. "ಈ ಡ್ರೈವರಣ್ಣ ಕೊನೇ ಸ್ಟಾಪಲ್ಲಿ ಗೊರಕೆ ಹೊಡೆಯೋದನ್ನ ಅಣಕಿಸಿ ತೋರಿಸಿದ್ರೆ ಬಸ್ಸೇ ಬಿದ್ದು ಬಿದ್ದು ನಗ್ತಿತ್ತು."

"ನಮ್ಮೋರಾ?" ಅವಳು ಹಿಂದಕ್ಕೆ ತಿರುಗಿದಳು.

ಮನೆಯಲ್ಲಿ ಅವನು ಊಟದ ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದ. ಅವಳ ಪಾಲಿಗೆ ಬಂದದ್ದು ಬರೀ ಅವನ ನಿದ್ದೆ.

* * *

ಯಾರು ಎಲ್ಲಿ ಮನೆ ಮಾಡುತ್ತಾರೆ, ದುಡಿಯಲು ಎಷ್ಟು ದೂರ ಹೋಗುತ್ತಾರೆ, ಯಾಕೆ ಎಂದು ಕೇಳಿ ತಿಳಿಯುವುದೇ ಅವನ ಸಂಶೋಧನೆ; ಬಸ್ಸಿನವರ ಬಾಯಲ್ಲಿ ಅದೇ 'ಸರ್ವೆ'. ಕೊನೇ ಸ್ಟಾಪಿನ ಈ ಮನೆಗೆ ಬಂದ ದಿನ ಖಾಲಿ ಕೋಣೆಯಲ್ಲಿ ನಿಂತು ಹೇಳಿದ್ದ:

"ಎಲ್ಲರೂ ಬಾಡಿಗೆ ಕಟ್ಟೋರೇ ಕಣೆ. ನಗರದೊಳಗಿರೋರು ದುಡ್ಡಲ್ಲಿ, ಹೊರಗಿರೋರು ಹೊತ್ತಲ್ಲಿ."

"ಅಷ್ಟೆಲ್ಲ ಓದಿ, ಗೊತ್ತಿದ್ದೂ ಗೊತ್ತಿದ್ದೂ ಇಷ್ಟು ದೂರ ಬಂದ್ರಾ?"

"ಇಲ್ಲಿ ನಿನಗೆ ಅಂತಲೇ ಒಂದು ಕೋಣೆ ಸಿಕ್ತಲ್ಲ. ಹೋಗೋ ಹೊತ್ತು ನಂದು ತಾನೇ?"

ಅದರಲ್ಲಿ ಅರ್ಧ ತನ್ನದೂ ಎಂದು ಅವಳಿಗೆ ಆಗ ಹೊಳೆಯಲಿಲ್ಲ.

* * *

ಬಸ್ಸಿನಲ್ಲಿ ಅವಳು ಕಡೆಗೂ ದರ್ಜಿಯ ಕಡೆ ತಿರುಗಿ ಕೇಳಿದಳು. "ನನ್ನ ವಿಚಾರ... ಏನಾದ್ರೂ ಅಂತಿದ್ರಾ?"

ಜನ ಮುಖ ಮುಖ ನೋಡಿಕೊಂಡರು.

"ಬೆಳಿಗ್ಗೆಯೆಲ್ಲ ನಮ್ಮ ಕತೆ ಕೇಳೋರು," ಎಂದ ದರ್ಜಿ ಮೆಲ್ಲಗೆ. "ಸಂಜೆ ಮಾತ್ರ ಮಾತಾಡಿಸಬೇಡ್ರೋ ಅನ್ನೋರು. ಈಗ ಮಲಗಿದ್ರೆ ಮನೇಲಿ ಎಚ್ಚರವಾಗಿರ್ತೀನಿ, ಅವಳು ಕಾಯ್ತಿರ್ತಾಳೆ, ಅಂತ."

ಅವಳು ಕಿಟಕಿಯತ್ತ ತಿರುಗಿದಳು.

ಮುಂದೆ ಹೆಣದ ಗಾಡಿ ತಿರುವಿನಲ್ಲಿ ಮರೆಯಾಯಿತು. ಬಸ್ಸೂ ತಿರುಗತೊಡಗಿತು. ದರ್ಜಿ ರಸ್ತೆಯನ್ನೇ ನೋಡುತ್ತ, ಗೊತ್ತಿಲ್ಲದೆಯೇ ಕೈಚಾಚಿ, ಅವಳ ತಲೆಗೂ ಗಾಜಿಗೂ ನಡುವೆ ಅಂಗೈ ಹಿಡಿದ. ಮರುಕ್ಷಣ ಬೆಚ್ಚಿಬಿದ್ದ.

"ತಪ್ಪು ತಿಳೀಬೇಡಿ ತಾಯಿ. ದಿನಾ ಸಂಜೆ ಈ ತಿರುವಲ್ಲಿ ಅವರ ತಲೆ ಗಾಜಿಗೆ ಬಡೀತಿತ್ತು. ನಿದ್ದೆ ಕೆಡಬಾರದು ಅಂತ..."

"ಇರಲಿ. ತೆಗೀಬೇಡಿ."

ಅವಳು ನೆಟ್ಟಗೆ ಕೂತಿದ್ದಳು, ತಲೆ ತಾಗಿಸಲಿಲ್ಲ. ಬಸ್ಸು ವಾಲಿತು. ದರ್ಜಿಯ ಅಂಗೈ, ನಿದ್ದೆಹೋದ ತಲೆಯೊಂದರ ಭಾರ ಬಿದ್ದಂತೆ, ಮೆಲ್ಲನೆ ಗಾಜಿಗೆ ಒತ್ತಿಕೊಂಡಿತು.