ಚಾಕು ಅಲ್ಲೇ ಇರಲಿ

ಮೆಡಿಕಲ್ ಸೇರಬೇಕೆಂದು ನಾನು ಓದುತ್ತಿದ್ದ ದಪ್ಪ ಪುಸ್ತಕವನ್ನು ಬೆಳಿಗ್ಗೆ ಅಣ್ಣ ಎರಡು ಹೋಳು ಮಾಡಿ ಚರಂಡಿಗೆ ಎಸೆದಿದ್ದ. "ಹೆಣ ಕುಯ್ಯೋ ಓದು ನಮ್ಮನೆ ಹುಡುಗೀರಿಗೆ ಬೇಡ" ಎಂದಿದ್ದ. ಅಡ್ಡ ಹೋದ ನನ್ನನ್ನು ಕುತ್ತಿಗೆ ಹಿಡಿದು ಗೋಡೆಗೆ ದಬ್ಬಿದ್ದ. ಹಾಳಾಗಿ ಹೋಗಲಿ ಎಂದು ನಾನು ಮನಸಾರೆ ಶಪಿಸಿದ್ದೆ.

ಸಂಜೆ ಅವನು ನಮ್ಮ ಕಟ್ಟಡದ ಮೆಟ್ಟಿಲ ಮೇಲೆ ಬಿದ್ದಿದ್ದ. ಪಕ್ಕದ ಬೀದಿಯವರ ಜೊತೆ ಹೊಡೆದಾಟ. ಹೊಟ್ಟೆಯಲ್ಲಿ ಹಿಡಿಯವರೆಗೂ ಚಾಕು ಇಳಿದಿತ್ತು. ಅಮ್ಮ ಓಡಿ ಬಂದವಳೇ ಅದನ್ನು ಕೀಳಲು ಕೈ ಹಾಕಿದಳು. ನಾನು ಅವಳ ಕೈ ಹಿಡಿದೆ.

"ಕೀಳಬೇಡಮ್ಮ. ಬಿರಡೆ ಥರ ಅದೇ ರಕ್ತ ತಡೀತಿದೆ. ತೆಗೆದ್ರೆ ಸತ್ತೇ ಹೋಗ್ತಾನೆ."

"ಮಗನ ಹೊಟ್ಟೇಲಿ ಚಾಕು ಇಟ್ಟು ನೋಡ್ತಾ ಕೂರಲಾ? ಬಿಡೇ ಕೈ."

ಅವಳು ನನ್ನ ಕೂದಲು ಹಿಡಿದು ಎಳೆದಳು. ನಾನು ಅವಳ ಮಣಿಕಟ್ಟು ಕಚ್ಚಿದೆ. ಆದರೂ ಅವಳು ಚಾಕು ಬಿಡಲಿಲ್ಲ. ಆಗ ಹೆತ್ತ ತಾಯಿಯ ಕೆನ್ನೆಗೆ ಮೈಯಲ್ಲಿದ್ದ ಶಕ್ತಿಯೆಲ್ಲ ಹಾಕಿ ಬಾರಿಸಿದೆ. ಅವಳು ಗೋಡೆಗೆ ಬಡಿದು ಕುಸಿದಳು. ನಾನು ಅಣ್ಣನ ಅಂಗಿ ಹರಿದು, ಚಾಕು ಅಲುಗದಂತೆ ಅದರ ಸುತ್ತ ಒತ್ತಿ ಹಿಡಿದೆ. ಆಂಬುಲೆನ್ಸ್ ಬರುವವರೆಗೂ ಅಮ್ಮ ನನಗೆ ಹಿಡಿಶಾಪ ಹಾಕುತ್ತಲೇ ಇದ್ದಳು.

ಆಪರೇಷನ್ ಮುಗಿಸಿ ಬಂದ ಡಾಕ್ಟರ್, "ಉಳ್ಕೋತಾನೆ. ಚಾಕು ಕಿತ್ತಿದ್ರೆ ದಾರೀಲೇ ಹೋಗಿಬಿಡ್ತಿದ್ದ. ಕೀಳಬೇಡಿ ಅಂದೋರು ಯಾರು?" ಎಂದು ಕೇಳಿದರು.

ಅಮ್ಮ ತನ್ನ ಊದಿದ ಕೆನ್ನೆ ತೋರಿಸಿದಳು. "ಇದನ್ನ ಮಾಡಿದೋಳೇ, ಡಾಕ್ಟ್ರೇ."

ಆಮೇಲೆ ನನ್ನ ಕಡೆ ತಿರುಗಿದಳು. "ಅವನು ಎದ್ದು ಓಡಾಡೋ ಹಾಗಾಗ್ಲಿ, ಅಂಥದ್ದೇ ಹೊಸ ಪುಸ್ತಕಾನ ಅವನ ಕೈಲೇ ತರಿಸ್ತೀನಿ. ನನ್ನ ಮೇಲೆ ಕೈ ಮಾಡಿದ್ದಕ್ಕೆ ಮನೇಲಿ ನಿನಗೂ ಇದೆ."